ಪ್ರಿಂಟರ್ ಕೆಟ್ಟಿದೆ ಎನ್ನುವ ಮುನ್ನ

ಪ್ರಿಂಟ್ ಕೊಟ್ಟರೂ ಕಾಗದ ಹೊರಗೆ ಬರದಿದ್ದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಇನ್ನೊಮ್ಮೆ ಪ್ರಿಂಟ್ ಕೊಡುವುದು. ಆಗಲೂ ಬಾರದಿದ್ದರೆ ಮತ್ತೊಮ್ಮೆ. ಮೊದಲು ಕೊಟ್ಟದ್ದು ಎಲ್ಲೋ ಕಳೆದುಹೋಗಿದೆ ಎಂಬ ನಂಬಿಕೆ ಇದರ ಹಿಂದಿದೆ. ಅದು ಕಳೆದುಹೋಗಿರುವುದಿಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ ಪ್ರಿಂಟ್ ಸ್ಪೂಲರ್ ಎಂಬ ವ್ಯವಸ್ಥೆ ಪ್ರತಿಯೊಂದು ಕೆಲಸವನ್ನೂ ಡಿಸ್ಕಿನಲ್ಲಿ ಇಟ್ಟುಕೊಂಡು, ಸರದಿಯಂತೆ ಪ್ರಿಂಟರಿಗೆ ಕಳಿಸುತ್ತದೆ. ಸರದಿಯ ಮೊದಲನೆಯದು ಸಿಕ್ಕಿಕೊಂಡರೆ ಹಿಂದಿನವೆಲ್ಲ ಅಲ್ಲೇ ನಿಲ್ಲುತ್ತವೆ. ಹಾಲ್ ಟಿಕೆಟ್ಟಿಗಾಗಿ ಐದು ಸಲ ಒತ್ತಿದವರಿಗೆ, ತೊಂದರೆ ಸರಿಹೋದ ಕೂಡಲೇ ಐದು ಪ್ರತಿಗಳು ಒಟ್ಟಿಗೆ ಬರುವುದು ಇದರಿಂದಲೇ.

ಮಾಡಬೇಕಾದದ್ದು ಸರದಿಯನ್ನು ತೆರೆದು, ಸಿಕ್ಕಿಕೊಂಡ ಕೆಲಸವನ್ನು ಕ್ಯಾನ್ಸಲ್ ಮಾಡುವುದು. ಅದು 'ಡಿಲೀಟಿಂಗ್' ಎಂದು ತೋರಿಸುತ್ತ ಹಾಗೇ ಕುಳಿತರೆ 'ಸರ್ವಿಸಸ್'ನಲ್ಲಿ ಪ್ರಿಂಟ್ ಸ್ಪೂಲರನ್ನು ನಿಲ್ಲಿಸಬೇಕು. ಆಮೇಲೆ ವಿಂಡೋಸ್ ಫೋಲ್ಡರಿನಲ್ಲಿ ಸಿಸ್ಟಮ್32, ಅದರಲ್ಲಿ ಸ್ಪೂಲ್, ಅದರಲ್ಲಿ ಪ್ರಿಂಟರ್ಸ್ ಎಂಬ ಫೋಲ್ಡರಿಗೆ ಹೋಗಿ ಒಳಗಿನ ಫೈಲುಗಳನ್ನು ಅಳಿಸಿ, ಸ್ಪೂಲರನ್ನು ಮತ್ತೆ ಶುರು ಮಾಡಬೇಕು. ಅಳಿಸುವುದು ಒಳಗಿನ ಫೈಲುಗಳನ್ನು ಮಾತ್ರ, ಫೋಲ್ಡರನ್ನಲ್ಲ.

ಇದಕ್ಕೂ ಮುಂಚೆ ಮಾಡಬಹುದಾದ ಒಂದು ಸುಲಭ ಪರೀಕ್ಷೆಯನ್ನು ಬಹಳ ಜನ ಮರೆಯುತ್ತಾರೆ. ಮನೆಗಳಲ್ಲಿರುವ ಪ್ರಿಂಟರುಗಳಲ್ಲಿ ಸ್ಕ್ಯಾನರ್ ಕೂಡ ಇರುವುದೇ ಹೆಚ್ಚು. ಕಂಪ್ಯೂಟರಿನ ಗೊಡವೆಗೇ ಹೋಗದೆ, ಗಾಜಿನ ಮೇಲೆ ಯಾವುದಾದರೂ ಹಾಳೆ ಇಟ್ಟು ಜೆರಾಕ್ಸ್ ತೆಗೆಯಬೇಕು. ಪ್ರತಿ ಚೆನ್ನಾಗಿ ಬಂತೆಂದರೆ ಕಾಗದ ಎಳೆಯುವ ಭಾಗವೂ ಸರಿಯಿದೆ, ಇಂಕೂ ಸರಿಯಿದೆ. ತೊಂದರೆ ಇರುವುದು ಕಂಪ್ಯೂಟರಿನಲ್ಲಿ, ಅಥವಾ ಎರಡರ ನಡುವಿನ ಸಂಪರ್ಕದಲ್ಲಿ. ರಿಪೇರಿ ಅಂಗಡಿಗೆ ಪ್ರಿಂಟರ್ ಹೊತ್ತುಕೊಂಡು ಹೋಗುವುದು ಎಷ್ಟೋ ಸಲ ಈ ಒಂದು ಹಾಳೆಯಿಂದ ತಪ್ಪುತ್ತದೆ.

ಪರದೆಯ ಮೇಲೆ 'ಆಫ್‌ಲೈನ್' ಎಂದು ಕಂಡರೆ ಪ್ರಿಂಟರ್ ಸತ್ತಿದೆ ಎಂದುಕೊಳ್ಳುವುದೂ ಹೀಗೆಯೇ. ಆ ಪದದ ಅರ್ಥ ಇಷ್ಟೇ: ತನಗೆ ಗೊತ್ತಿರುವ ವಿಳಾಸದಲ್ಲಿ ಪ್ರಿಂಟರ್ ಕಂಪ್ಯೂಟರಿಗೆ ಸಿಗುತ್ತಿಲ್ಲ. ವೈಫೈ ಪ್ರಿಂಟರಿಗೆ ಐಪಿ ವಿಳಾಸ ಕೊಡುವುದು ಮನೆಯ ರೂಟರ್. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಬೇರೆ ವಿಳಾಸ ಕೊಟ್ಟಿತೆಂದರೆ ಕಂಪ್ಯೂಟರ್ ಹಳೆಯ ವಿಳಾಸದಲ್ಲೇ ಹುಡುಕುತ್ತಿರಬಹುದು. ಪ್ರಿಂಟರನ್ನು ಪಟ್ಟಿಯಿಂದ ತೆಗೆದು ಮತ್ತೆ ಸೇರಿಸಿದರೆ ಸದ್ಯಕ್ಕೆ ಸರಿಹೋಗುತ್ತದೆ. ರೂಟರಿನ ಸೆಟ್ಟಿಂಗಿನಲ್ಲಿ ಆ ಪ್ರಿಂಟರಿಗೆ ಒಂದೇ ವಿಳಾಸವನ್ನು ಕಾಯ್ದಿರಿಸಿದರೆ ಈ ಕಾಟ ಮರುಕಳಿಸದು. ಹಳೆಯ ಸರದಿ ಕಿಟಕಿಯ ಮೆನುವಿನಲ್ಲಿ 'ಯೂಸ್ ಪ್ರಿಂಟರ್ ಆಫ್‌ಲೈನ್' ಎಂಬುದಕ್ಕೆ ಕೈತಪ್ಪಿ ಟಿಕ್ ಬಿದ್ದಿದ್ದರೂ ಇದೇ ಲಕ್ಷಣ. ಅದನ್ನು ತೆಗೆದರೆ ಮುಗಿಯಿತು. ಇನ್ನು ಮನೆಬಳಕೆಯ ಅನೇಕ ಪ್ರಿಂಟರುಗಳು 2.4 ಗಿಗಾಹರ್ಟ್ಜ್ ವೈಫೈಯನ್ನು ಮಾತ್ರ ಹಿಡಿಯುತ್ತವೆ. ಹಾಗೆಂದು ಲ್ಯಾಪ್‌ಟಾಪ್ ಕೂಡ ಅದರಲ್ಲೇ ಇರಬೇಕಿಲ್ಲ. ಒಂದೇ ರೂಟರಿನ ಒಂದೇ ಜಾಲದಲ್ಲಿದ್ದರೆ ಸಾಕು, ಗೆಸ್ಟ್ ಜಾಲದಲ್ಲಿ ಮಾತ್ರ ಇರಬಾರದು.

ಡೀಫಾಲ್ಟ್ ಪ್ರಿಂಟರ್ ತಾನಾಗಿ ಬದಲಾಗುವುದನ್ನು ಕಂಡು ವೈರಸ್ ಎಂದು ಹೆದರುವವರಿದ್ದಾರೆ. ವಿಂಡೋಸ್ 10ರಿಂದ ಈಚೆಗೆ, ಕೊನೆಯ ಸಲ ಬಳಸಿದ ಪ್ರಿಂಟರನ್ನೇ ಡೀಫಾಲ್ಟ್ ಮಾಡುವ ಸೆಟ್ಟಿಂಗ್ ಇದೆ. 'ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್' ಪುಟದಲ್ಲಿ ಅದನ್ನು ಆಫ್ ಮಾಡಬಹುದು.

ಬದಿಯಲ್ಲೋ ಅಡಿಯಲ್ಲೋ ಅಕ್ಷರ ಕತ್ತರಿಸಿ ಬಂದರೆ, ಕಾಗದ ಇದ್ದೂ ಕೆಂಪು ದೀಪ ಮಿನುಗಿದರೆ, ರೋಲರ್ ಸವೆದಿದೆ ಎಂಬ ತೀರ್ಮಾನ ಬೇಗ ಬರುತ್ತದೆ. ಮೊದಲು ಸಂಶಯಿಸಬೇಕಾದದ್ದು ಕಾಗದದ ಅಳತೆಯನ್ನು. ನಮ್ಮ ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಅಮೆರಿಕದ ಲೆಟರ್ ಹಾಳೆ ಸುಮಾರು 216 ಅಗಲ, 279 ಉದ್ದ. ಕಂಪ್ಯೂಟರಿನ ಪ್ರದೇಶ ಅಮೆರಿಕ ಎಂದಿದ್ದರೆ ಹಲವು ತಂತ್ರಾಂಶಗಳು ಲೆಟರ್ ಅಳತೆಯನ್ನೇ ಹಿಡಿಯುತ್ತವೆ. ಒಂದು ಕಡೆ ಎ4 ಮಾಡಿ ಸುಮ್ಮನಾದರೆ ಸಾಲದು. ದಾಖಲೆಯ ಪೇಜ್ ಸೆಟಪ್, ಪ್ರಿಂಟರಿನ ಪ್ರಿಫರೆನ್ಸಸ್, ಪ್ರಿಂಟರಿನ ಟ್ರೇ ಸೆಟ್ಟಿಂಗ್ ಮೂರೂ ಒಂದೇ ಆಗಿರಬೇಕು. ಪಾಸ್‌ಪೋರ್ಟ್ ಅಳತೆಯ ಫೋಟೊ ಚಿಕ್ಕದಾಗಿ ಬರುವುದಕ್ಕೆ ಕಾರಣ ಬೇರೆ. ಪಿಡಿಎಫ್‌ನಲ್ಲಿ 'ಫಿಟ್' ಆಯ್ಕೆಯಾಗಿದ್ದರೆ ಪುಟವಿಡೀ ಸ್ವಲ್ಪ ಕುಗ್ಗಬಹುದು. 'ಆಕ್ಚುಯಲ್ ಸೈಜ್' ಕೊಟ್ಟರೆ 35 ಮಿಲಿಮೀಟರ್ 35 ಆಗಿಯೇ ಬರುತ್ತದೆ.

ಕನ್ನಡಿಗರ ಮನೆಗಳಲ್ಲಿ ಪ್ರಿಂಟರ್ ಅನ್ಯಾಯವಾಗಿ ಬೈಸಿಕೊಳ್ಳುವುದು ಅಕ್ಷರಗಳ ವಿಷಯದಲ್ಲಿ. 'ಈ ಪ್ರಿಂಟರಿಗೆ ಕನ್ನಡ ಬರುವುದಿಲ್ಲ' ಎಂಬ ಮಾತು ಇವತ್ತಿಗೂ ಕೇಳುತ್ತದೆ. ಪ್ರಿಂಟರಿಗೆ ಯಾವ ಭಾಷೆಯೂ ಬರಬೇಕಾಗಿಲ್ಲ, ಅದು ಬಿಂದುಗಳನ್ನು ಇಡುತ್ತದೆ ಅಷ್ಟೇ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಹಾಗೆ ಟೈಪಾದ ಲಗ್ನಪತ್ರಿಕೆಯನ್ನೋ ಸಂಘದ ವರದಿಯನ್ನೋ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಪರದೆಯಲ್ಲಿ ಕಂಡದ್ದೇ ಕಾಗದದಲ್ಲೂ ಬರುತ್ತದೆ. ಆ ಫಾಂಟನ್ನು ಹಾಕಿಕೊಳ್ಳಬೇಕು, ಇಲ್ಲವೇ ಮೂಲ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಸಿಕೊಳ್ಳಬೇಕು. ಪಠ್ಯವನ್ನು ಯೂನಿಕೋಡಿಗೆ ಬದಲಾಯಿಸಿಕೊಂಡರೆ ಮುಂದಕ್ಕೂ ನೆಮ್ಮದಿ.

ಪರದೆಯಲ್ಲಿ ಸರಿಯಾಗಿದ್ದು ಕಾಗದದಲ್ಲಿ ಮಾತ್ರ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿದ್ದರೆ, ಡ್ರೈವರ್ ಆ ಫಾಂಟನ್ನು ಸರಿಯಾಗಿ ನಿಭಾಯಿಸಿಲ್ಲ ಎಂದು ಸಂಶಯಿಸಬೇಕು. ಅಕ್ರೊಬ್ಯಾಟ್ ರೀಡರಿನ ಪ್ರಿಂಟ್ ಕಿಟಕಿಯಲ್ಲಿ 'ಅಡ್ವಾನ್ಸ್ಡ್' ಒತ್ತಿ 'ಪ್ರಿಂಟ್ ಆ್ಯಸ್ ಇಮೇಜ್' ಆರಿಸಿದರೆ ಪುಟ ಚಿತ್ರವಾಗಿ ಹೋಗುತ್ತದೆ. ತುಸು ನಿಧಾನವಾದರೂ ಅಕ್ಷರಗಳು ಕಂಡಂತೆಯೇ ಮೂಡುತ್ತವೆ.

ಇಂಕಿನ ಬಗ್ಗೆ ಒಂದೆರಡು ಮಾತು. ಕಪ್ಪು ಬಿಳುಪಿನಲ್ಲೇ ತೆಗೆಯುತ್ತಿದ್ದರೆ ಬಣ್ಣ ಖರ್ಚಾಗುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಗ್ರೇಸ್ಕೇಲ್ ಕೊಟ್ಟಾಗ ಬಣ್ಣದ ಇಂಕುಗಳನ್ನೂ ಬೆರೆಸಿ ಬೂದು ಛಾಯೆ ಮಾಡುವ ಪ್ರಿಂಟರುಗಳಿವೆ, ಹೆಡ್ ಸ್ವಚ್ಛಗೊಳಿಸುವಾಗಲೂ ಬಣ್ಣ ಖರ್ಚಾಗುತ್ತದೆ. ಗೆರೆ ಗೆರೆ ಬಂತೆಂದು ಹೆಡ್ ಕ್ಲೀನಿಂಗನ್ನು ಮೇಲಿಂದ ಮೇಲೆ ಮಾಡಿಸಿದರೆ ಇಂಕ್ ಸುಮ್ಮನೆ ಹರಿದುಹೋಗುತ್ತದೆ. ಮೊದಲು ನಾಜಲ್ ಚೆಕ್ ಪುಟ ತೆಗೆದು ನೋಡಬೇಕು. ಗೋಡೆಯ ಸ್ವಿಚ್ಚನ್ನೇ ಆರಿಸುವ ರೂಢಿ ಕೂಡ ಇಂಕ್‌ಜೆಟ್‌ಗೆ ಒಳ್ಳೆಯದಲ್ಲ. ಪ್ರಿಂಟರಿನದೇ ಬಟನ್ ಒತ್ತಿದಾಗ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುತ್ತದೆ. ಕೆಲಸದ ನಡುವೆ ಕರೆಂಟ್ ಕಿತ್ತರೆ ಅದು ತೆರೆದೇ ಉಳಿದು ಇಂಕ್ ಒಣಗಬಹುದು.

ಕೊನೆಯದು, ಹಣ ಕಳೆಯುವಂಥ ತಪ್ಪು ಕಲ್ಪನೆ. ಡ್ರೈವರ್ ಸಿಡಿ ಕಳೆದುಹೋದರೆ ಪ್ರಿಂಟರ್ ಹಾಕಿಕೊಳ್ಳಲಾಗದು, ಡ್ರೈವರಿಗೆ ಅವಧಿ ಮುಗಿಯುತ್ತದೆ, ದುಡ್ಡು ಕೊಟ್ಟು ನವೀಕರಿಸಬೇಕು ಎಂದು ನಂಬಿದವರಿದ್ದಾರೆ. ಇತ್ತೀಚಿನ ವರ್ಷಗಳ ಹೆಚ್ಚಿನ ಪ್ರಿಂಟರುಗಳು ವಿಂಡೋಸ್‌ನಲ್ಲೇ ಇರುವ ಡ್ರೈವರಿನಿಂದ ಕೆಲಸ ಮಾಡುತ್ತವೆ. ಹಳೆಯವಕ್ಕೆ ತಯಾರಕರೇ ತಮ್ಮ ಜಾಲತಾಣದಲ್ಲಿ ಡ್ರೈವರನ್ನು ಉಚಿತವಾಗಿ ಕೊಡುತ್ತಾರೆ. ಅದನ್ನರಿಯದೆ ಕಸ್ಟಮರ್ ಕೇರ್ ನಂಬರನ್ನು ಅಂತರ್ಜಾಲದಲ್ಲಿ ಹುಡುಕುವವರಿಗೆ ವಂಚಕರು ಹಾಕಿಟ್ಟ ನಕಲಿ ನಂಬರ್ ಸಿಗಬಹುದು. ಆ ಕಡೆಯವರು ಕಂಪ್ಯೂಟರನ್ನು ದೂರದಿಂದ ನಿಯಂತ್ರಿಸುವ ಆ್ಯಪ್ ಹಾಕಿಸುತ್ತಾರೆ, 'ಡ್ರೈವರ್ ಶುಲ್ಕ' ಕೇಳುತ್ತಾರೆ, ಬ್ಯಾಂಕ್ ಖಾತೆಗೇ ಕೈಹಾಕುತ್ತಾರೆ. ನಂಬರನ್ನು ಪ್ರಿಂಟರಿನ ಡಬ್ಬಿಯ ಮೇಲೆ ಅಥವಾ ವಾರಂಟಿ ಪುಸ್ತಿಕೆಯಲ್ಲಿ ನೋಡಿಕೊಳ್ಳಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.