ಕುಂಬ್ಳೆ ಕೋಟ್ಲಾದಲ್ಲೇ ಯಾಕೆ ನಿಲ್ಲಿಸಿದರು?

2008ರ ನವೆಂಬರ್ 2. ದೆಹಲಿಯ ಕೋಟ್ಲಾ. 1999ರಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಿದ್ದ ಅದೇ ಮೈದಾನದಲ್ಲಿ ನಾಯಕ ಅನಿಲ್ ಕುಂಬ್ಳೆ ವಿದಾಯ ಹೇಳಿಬಿಟ್ಟರು. ಆಸ್ಟ್ರೇಲಿಯಾ ಸರಣಿಯಲ್ಲಿ ನಾಗ್ಪುರದ ಟೆಸ್ಟ್ ಇನ್ನೂ ಬಾಕಿ ಇತ್ತು. ಮತ್ಯಾಕೆ ಅವಸರ?

ಕಾರಣ ಸರಳ. ಕ್ಯಾಚ್ ಹಿಡಿಯೋಕೆ ಹೋಗಿ ಎಡಗೈ ಕಿರುಬೆರಳು ಸೀಳಿತ್ತು. 11 ಹೊಲಿಗೆ ಬಿದ್ದಿದ್ದವು. ಆದ್ರೂ ಪಟ್ಟಿ ಸುತ್ತಿಕೊಂಡು ಬಂದು ಬೌಲಿಂಗ್ ಮಾಡಿದರು, 619ನೇ ವಿಕೆಟ್ಟನ್ನೂ ತೆಗೆದರು. ಆದರೆ ನಾಗ್ಪುರದ ಹೊತ್ತಿಗೆ ಕೈ ವಾಸಿಯಾಗಲ್ಲ ಅಂತ ಗೊತ್ತಿತ್ತು. ನಾಯಕ ಅನ್ನೋ ಕಾರಣಕ್ಕೆ ಜಾಗ ಹಿಡಿದು ಕೂರಲಿಲ್ಲ. ಧೋನಿಗೆ ದಾರಿ ಬಿಟ್ಟರು.

ಕೆಜಿಎಫ್‌ನವರಿಗೆ ಇದು ಬೇರೆ ಥರ ನಾಟುತ್ತೆ. 2001ರ ಫೆಬ್ರುವರಿ 28ಕ್ಕೆ ನಮ್ಮೂರ ಗಣಿ ಮುಚ್ಚಿತು. ಆ ತೀರ್ಮಾನ ಕಾರ್ಮಿಕರದ್ದಾಗಿರಲಿಲ್ಲ. ಮಾರಿಕುಪ್ಪಂನಲ್ಲಿ ಬೆಳಗ್ಗೆ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ದುಡಿಯೋಕೆ ಹೋಗೋದು ನಮ್ಮ ಪಾಡಾಯಿತು. ನೋವಿದ್ದರೂ ಡ್ಯೂಟಿ ಮುಗಿಸೋದು ನಮಗೆ ಹೊಸದಲ್ಲ. ನಿಲ್ಲಿಸೋ ದಿನವನ್ನ ತಾವೇ ಆರಿಸಿಕೊಳ್ಳೋ ಭಾಗ್ಯ ಮಾತ್ರ ನಮ್ಮ ಹಿರಿಯರಿಗೆ ಸಿಗಲಿಲ್ಲ. ಕುಂಬ್ಳೆಗೆ ಸಿಕ್ಕಿತು, ಅವರದನ್ನು ಹಾಳು ಮಾಡಿಕೊಳ್ಳಲಿಲ್ಲ. ನಾನು ಇವತ್ತಿಗೂ ಅವರ ಅಭಿಮಾನಿಯಾಗಿರೋದು ಅದಕ್ಕೇ.