‘ಪಿಕ್ಚರ್ ಹೇಗಿತ್ತು?’

ಸಿನಿಮಾ ನೋಡಿ ಬಂದವರನ್ನು ನಾವು ಕೇಳುವುದು ಒಂದೇ ಪ್ರಶ್ನೆ. ‘ಪಿಕ್ಚರ್ ಹೇಗಿತ್ತು?’ ಉತ್ತರವೂ ನಾಲ್ಕೈದೇ. ‘ಸೂಪರ್’, ‘ಪರವಾಗಿಲ್ಲ’, ‘ಒಂದ್ಸಲ ನೋಡ್ಬಹುದು’, ‘ಬೋರು’. ಐದನೆಯದು ಶಿವಮೊಗ್ಗದ ಕಡೆ ಸ್ವಲ್ಪ ಹೆಚ್ಚಾಗಿಯೇ ಕೇಳಿಸುವಂಥದ್ದು: ‘ಅದು ಅವಾರ್ಡ್ ಪಿಕ್ಚರ್ರು ಮಾರಾಯ’. ಇದೇನು ವಿಮರ್ಶೆಯೇ ಎಂದು ತಿಳಿದವರು ಮೂಗು ಮುರಿಯಬಹುದು. ಆದರೆ ಒಂದು ಚಿತ್ರ ಊರಿನಲ್ಲಿ ಎರಡನೆಯ ವಾರ ಕಾಣುವುದು ಬಹುಪಾಲು ಈ ಬಿಡುಮಾತಿನ ಬಲದಿಂದಲೇ. ಆದ್ದರಿಂದ, ಓದುಗರೇ, ಇದು ಹೇಗೆ ಹುಟ್ಟುತ್ತದೆ, ಇದರೊಳಗೆ ಏನೇನು ಸೇರಿಕೊಂಡಿರುತ್ತದೆ ಎಂದು ಸ್ವಲ್ಪ ಬಿಡಿಸಿ ನೋಡೋಣ.

ಅಭಿಪ್ರಾಯ ಚಿತ್ರ ನೋಡುವುದಕ್ಕಿಂತ ಮೊದಲೇ ಮೊಳೆತಿರುತ್ತದೆ. ಭದ್ರಾವತಿಯಲ್ಲಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಟಿ.ವಿ. ಇಲ್ಲದ ಆ ಕಾಲದಲ್ಲಿ ಹೊಸ ಚಿತ್ರದ ಪರಿಚಯ ಮನೆಗೆ ಬರುತ್ತಿದ್ದುದು ಹಾಡಿನ ಮೂಲಕ. ಹಾಡು ಕಿವಿಗೆ ಹಿಡಿಸಿತೋ, ಚಿತ್ರ ಅರ್ಧ ಗೆದ್ದಂತೆ. ಉಳಿದರ್ಧ ತೀರ್ಮಾನವಾಗುತ್ತಿದ್ದುದು ಜೊತೆಗೆ ಕೆಲಸ ಮಾಡುವವರ ಮಾತಿನಲ್ಲಿ. 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಈ ಎರಡಕ್ಕೂ ದುಡಿಯಲು ಬಂದವರಲ್ಲಿ ಕನ್ನಡಿಗರ ಜೊತೆಗೆ ತಮಿಳರು, ತೆಲುಗರು, ಮಲಯಾಳಿಗಳು, ಉರ್ದು ಮಾತಿನವರು ಇದ್ದರು. ಹೀಗಿರುವಾಗ ‘ಚೆನ್ನಾಗಿದೆ’ ಎಂದರೆ ಸಾಲದು, ಯಾವುದಕ್ಕಿಂತ ಚೆನ್ನಾಗಿದೆ ಎನ್ನುವ ಪ್ರಶ್ನೆ ಏಳುತ್ತದೆ. ‘ತಮಿಳಲ್ಲೇ ಚೆನ್ನಾಗಿತ್ತು’ ಎಂದು ಪಕ್ಕದವನು ಅಂದರೆ ರೀಮೇಕು ತಂದವರ ಗತಿ ಏನು? ಹೋಲಿಸಿ ನೋಡುವುದನ್ನು ಇಂಥ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. (ಇದೇ ಕಬ್ಬಿಣದ ಕಾರ್ಖಾನೆಯಲ್ಲಿ ನೌಕರಿಗಿದ್ದ ದೊಡ್ಡಣ್ಣ ಮುಂದೆ ಬೆಳ್ಳಿತೆರೆಗೆ ಬಂದರು ಎಂಬುದನ್ನು ಭದ್ರಾವತಿಯವರು ನಿಮಗೆ ತಪ್ಪದೆ ನೆನಪಿಸುತ್ತಾರೆ.)

ಇನ್ನು ‘ಅದು ನಮ್ಮೂರು ಅಲ್ವಾ!’ ಎನ್ನುವ ಅಭಿಪ್ರಾಯ. ಇದೂ ಒಂದು ಅಭಿಪ್ರಾಯವೇ. ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ 1986ರಲ್ಲಿ ದೂರದರ್ಶನದಲ್ಲಿ ಬಂದಾಗ ಶಿವಮೊಗ್ಗ ಜಿಲ್ಲೆಯ ಮನೆಮನೆಯಲ್ಲೂ ಮೊದಲು ಹೊರಟಿರಬೇಕಾದ ಉದ್ಗಾರ ಇದೇ. ಸ್ವಾಮಿಯ ಮನೆ ಆಗುಂಬೆಯ ದೊಡ್ಡಮನೆ. ರೈಲು ನಿಲ್ದಾಣ ತಾಳಗುಪ್ಪದ ದಾರಿಯಲ್ಲಿರುವ ಅರಸಾಳಿನದು. ಪಾತ್ರಗಳು ಆಡುವುದು ಹಿಂದಿ, ಆದರೆ ಕಂಬ, ಜಗಲಿ, ಮಾಡು ಎಲ್ಲ ಮಲೆನಾಡಿನವೇ. ಇದನ್ನು ಬರೀ ಊರಭಿಮಾನ ಎಂದು ತಳ್ಳಿಹಾಕಬೇಡಿ. ಸ್ವತಃ ಆರ್.ಕೆ. ನಾರಾಯಣ್ ಅವರಿಗೆ ತಮ್ಮ ‘ಗೈಡ್’ ಕಾದಂಬರಿ 1965ರಲ್ಲಿ ಹಿಂದಿ ಚಿತ್ರವಾದಾಗ ಇದ್ದ ದೊಡ್ಡ ಬೇಸರಗಳಲ್ಲಿ ಇದೂ ಒಂದು: ದಕ್ಷಿಣದ ಮಾಲ್ಗುಡಿಯನ್ನು ರಾಜಸ್ಥಾನಕ್ಕೆ ಸಾಗಿಸಿಬಿಟ್ಟರು! ಕಥೆಗೆ ಅದರ ಮಣ್ಣು ಬೇಕು ಎನ್ನುವುದು ಲೇಖಕರ ಮಾತೂ ಹೌದು, ಆಗುಂಬೆಯ ಅಜ್ಜಿಯ ಮಾತೂ ಹೌದು.

ಆದರೆ ಗುರುತು ಹಿಡಿದ ಸಂತೋಷದಲ್ಲೇ ಮಾತು ಮುಗಿದುಬಿಡುವುದುಂಟು. ಮನೆ ನಮ್ಮದು ಎಂದ ಮೇಲೆ ಮಾಸ್ಟರ್ ಮಂಜುನಾಥ್ ಆ ಸ್ವಾಮಿಯನ್ನು ಹೇಗೆ ಆಡಿದ, ಅಪ್ಪನಾಗಿ ಗಿರೀಶ್ ಕಾರ್ನಾಡರು ಎಷ್ಟು ಕಡಿಮೆ ಮಾತಿನಲ್ಲಿ ಹುಡುಗನನ್ನು ಹೆದರಿಸಿದರು ಎಂದು ಕೇಳುವವರು ಕಡಿಮೆ. 2020ರಲ್ಲಿ ಅರಸಾಳು ನಿಲ್ದಾಣದ ಹಳೆಯ ಕಟ್ಟಡ ಮಾಲ್ಗುಡಿ ಸಂಗ್ರಹಾಲಯವಾಯಿತು. ಹೋದವರು ಫೋಟೋ ಹಿಡಿದು ಬರುತ್ತಾರೆ. ಮನೆಗೆ ಬಂದ ಮೇಲೆ ಒಂದು ಕಂತನ್ನಾದರೂ ಮತ್ತೆ ನೋಡಿದರೆ ಹೋದದ್ದಕ್ಕೆ ಸಾರ್ಥಕ.

ನನಗೆ ನಿಜವಾಗಿ ಚಿಂತೆಯಾಗುವುದು ಆ ಐದನೆಯ ಮಾತಿನ ಬಗ್ಗೆ. ‘ಅವಾರ್ಡ್ ಪಿಕ್ಚರ್’ ಎನ್ನುವುದು ಅಭಿಪ್ರಾಯವಲ್ಲ, ಬಾಗಿಲಿಗೆ ಹಾಕಿದ ಬೀಗ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ್ ಕಾಸರವಳ್ಳಿಯವರು, ಅದೇ ತಾಲ್ಲೂಕಿನ ಯು.ಆರ್. ಅನಂತಮೂರ್ತಿಯವರ ಕಥೆಯಿಂದ 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು. ಸ್ವರ್ಣಕಮಲ ಬಂತು. ಅದರ ಜೊತೆಗೇ ಆ ಹಣೆಪಟ್ಟಿಯೂ ಅಂಟಿತು. ಚಿತ್ರದ ದುರಸ್ತಿಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಶಿವಮೊಗ್ಗದಲ್ಲಿ ಅದನ್ನು ನೋಡಿದವರನ್ನು ಹುಡುಕಿ ನೋಡಿ. ಬಹಳ ಮಂದಿ ‘ಕೇಳಿದ್ದೇನೆ’ ಅನ್ನುತ್ತಾರೆ.

ನಿಧಾನ ಎನ್ನುವುದು ಅದರ ಮೇಲಿನ ದೂರು. ನಿಧಾನವೇ ಹೌದು, ಅದಕ್ಕೆ ಕಾರಣವಿದೆ. ವೇದ ಕಲಿಯಲು ಬಂದ ನಾಣಿ ಎಂಬ ಹುಡುಗನ ಕಣ್ಣಿನಿಂದ ಚಿತ್ರ ಸಾಗುತ್ತದೆ. ವಿಧವೆ ಯಮುನಾ ಬಸುರಿಯಾಗಿದ್ದಾಳೆ ಎನ್ನುವುದು ದೊಡ್ಡವರಿಗೆ ಗೊತ್ತಾಗುವಷ್ಟು ಬೇಗ ಅವನಿಗೆ ಗೊತ್ತಾಗುವುದಿಲ್ಲ. ಅವನಿಗೆ ತಿಳಿಯುವವರೆಗೆ ಕ್ಯಾಮೆರಾ ಕಾಯಬೇಕು, ನಾವೂ ಕಾಯಬೇಕು. ಕೊನೆಗೆ ಮಂಡೆ ಬೋಳಿಸಿ ಊರಿಂದ ಹೊರಗಿಟ್ಟ ಯಮುನಾ ಮರದ ಕೆಳಗೆ ಒಬ್ಬಳೇ ಕೂತಿರುವಾಗ ಹುಡುಗ ಅವಳನ್ನು ಬಿಟ್ಟು ಹೋಗುತ್ತಾನೆ. ಅವಸರದ ಚಿತ್ರವಾಗಿದ್ದರೆ ಆ ಬಿಟ್ಟುಹೋಗುವುದು ನಮ್ಮ ಎದೆಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಹಳ್ಳಿಯವರಿಗೆ ಇದೆಲ್ಲ ಹಿಡಿಸದು ಎನ್ನುವ ವಾದವನ್ನು ಇದೇ ಜಿಲ್ಲೆಯ ಹೆಗ್ಗೋಡು ಎಂದೋ ಸುಳ್ಳು ಮಾಡಿದೆ. ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜ ಕಟ್ಟಿ ಜಗತ್ತಿನ ಚಿತ್ರಗಳನ್ನು ಅಡಿಕೆ ತೋಟದವರ ಮುಂದೆ ತೋರಿಸಿತು. ಪುಣೆಯಿಂದ ಸತೀಶ್ ಬಹಾದೂರ್ ಅವರಂಥವರು ಬಂದು ರಸಗ್ರಹಣ ಶಿಬಿರ ನಡೆಸಿದರು. ಅಲ್ಲಿನ ಉಪಾಯ ಸರಳ. ನೋಡುವುದು, ಕೂತು ಮಾತಾಡುವುದು. ಬೋರು ಎನ್ನುವ ಹಕ್ಕು ಯಾರಿಗೂ ತಪ್ಪಲಿಲ್ಲ, ಆದರೆ ನೋಡಿದ ಮೇಲೆ.

ಈಗ ಕಾಲ ಬೇರೆ. ಟಾಕೀಸಿಗೆ ಹೋಗದೆ, ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕು ನೋಡಿಯೇ ನಮ್ಮ ಮಕ್ಕಳು ತೀರ್ಪು ಕೊಡುತ್ತಾರೆ. ಅವರನ್ನು ಗದರಬೇಡಿ. ‘ಬೋರು’ ಅಂದರೆ ‘ಎಲ್ಲಿಂದ ಬೋರಾಯ್ತು?’ ಎಂದಷ್ಟೇ ಕೇಳಿ. ‘ಮಧ್ಯಂತರ ಆದ ಮೇಲೆ’, ‘ಆ ಫೈಟಿಂಗ್ ಬಂದಾಗ’, ‘ಅವಳು ಸುಮ್ಮನೆ ಅಳ್ತಾ ಇದ್ದಾಗ’ ಎಂದು ಜಾಗ ತೋರಿಸತೊಡಗಿದರೆ ನಿಜವಾದ ಮಾತುಕತೆ ಅಲ್ಲಿಂದ ಶುರು. ಮುಂದಿನ ಭಾನುವಾರ ಬಿಡುವಿದ್ದರೆ ‘ಘಟಶ್ರಾದ್ಧ’ವನ್ನೇ ಹುಡುಕಿ ಹಾಕಿ. ನಾಣಿಯ ಮುಖದ ಮೇಲೆ ಕಣ್ಣಿಟ್ಟು ನೋಡಿ. ಬೇಸರ ಬಂದರೆ ಯಾವ ದೃಶ್ಯದಲ್ಲಿ ಬಂತು ಎಂದು ಒಂದು ಚೀಟಿಯಲ್ಲಿ ಗುರುತು ಹಾಕಿಟ್ಟುಕೊಳ್ಳಿ.