ದಪ್ಪ ಸಿಗಡಿಯೇ ಒಳ್ಳೆಯ ತಳಿಯೇ?

ಒಂದೇ ದಿನ ಬಿಟ್ಟ ಮರಿ, ಒಂದೇ ಕೊಳ, ಒಂದೇ ಫೀಡ್. ಆದರೂ ಬಲೆ ಎಳೆದಾಗ ಒಂದು ಸಿಗಡಿ 30 ಗ್ರಾಂ ತೂಗಿದರೆ ಪಕ್ಕದ್ದು 20 ದಾಟಿರುವುದಿಲ್ಲ. ಇದು ಬೀಜದ ಗುಣವೋ ನೀರಿನ ಗುಣವೋ ಎಂಬುದು ಸಿಗಡಿ ಕೃಷಿಕರ ಹಳೆಯ ಪ್ರಶ್ನೆ. ತಳಿವಿಜ್ಞಾನಿಗಳು ಇದಕ್ಕೆ ಸೊನ್ನೆಯಿಂದ ಒಂದರವರೆಗಿನ ಅಂಕಿಯಲ್ಲಿ ಉತ್ತರಿಸುತ್ತಾರೆ, ಅದೇ ಆನುವಂಶೀಯತೆ. ಅದನ್ನು ತಪ್ಪಾಗಿ ಓದುವವರೇ ಹೆಚ್ಚು. ತೂಕದ ಆನುವಂಶೀಯತೆ 0.3 ಎಂದರೆ 30 ಗ್ರಾಂ ಸಿಗಡಿಯಲ್ಲಿ 9 ಗ್ರಾಂ ಅಪ್ಪ-ಅಮ್ಮ ಕೊಟ್ಟದ್ದು, ಮಿಕ್ಕಿದ್ದು ಕೊಳದ್ದು ಎಂದಲ್ಲ. ಒಂಟಿ ಸಿಗಡಿಗೆ ಈ ಅಂಕಿ ಅನ್ವಯಿಸುವುದೇ ಇಲ್ಲ. ಆ ಹಿಂಡಿನಲ್ಲಿ, ಆ ಕೊಳದಲ್ಲಿ ಕಂಡ ತೂಕದ ಏರುಪೇರಿನಲ್ಲಿ ನೂರಕ್ಕೆ 30 ಪಾಲು ವಂಶವಾಹಿಗಳಿಂದ ಬಂದಿದೆ ಎಂದರ್ಥ. ಕೊಳ ಬದಲಾದರೆ ಅಂಕಿಯೂ ಬದಲಾದೀತು.

ಇದನ್ನು ಅಳೆಯುವ ಬಗೆಯೇ ಸೊಗಸು. ಯಾವ ಸಿಗಡಿ ಯಾವ ಕುಟುಂಬದ್ದೆಂದು ಗೊತ್ತಾಗದೆ ಲೆಕ್ಕ ಶುರುವಾಗದು; ಚಿಪ್ಪಿನ ಮೇಲೆ ಗುರುತು ಹಾಕೋಣವೆಂದರೆ ಬೆಳೆಯುವ ಸಿಗಡಿ ಮತ್ತೆ ಮತ್ತೆ ಪೊರೆ ಕಳಚುತ್ತದೆ, ಗುರುತೂ ಅದರೊಡನೆ ಹೋಗುತ್ತದೆ. ಅದಕ್ಕೇ ಪ್ರತಿ ಕುಟುಂಬದ ಮರಿಗಳನ್ನು ಮೊದಲು ಬೇರೆ ಬೇರೆ ತೊಟ್ಟಿಗಳಲ್ಲಿ ಬೆಳೆಸುತ್ತಾರೆ. ಗ್ರಾಂ ಲೆಕ್ಕಕ್ಕೆ ಬಂದ ಮೇಲೆ ಬಾಲದ ಬಳಿಯ ಮಾಂಸದೊಳಕ್ಕೆ ಸೂಜಿಯಿಂದ ರಬ್ಬರಿನಂಥ ಬಣ್ಣದ ಎಲಾಸ್ಟೋಮರ್‌ನ ಸಣ್ಣ ಗೆರೆ ಇಳಿಸಿ, ಎಲ್ಲವನ್ನೂ ಒಂದೇ ಕೊಳಕ್ಕೆ ಬಿಡುತ್ತಾರೆ. ಪೊರೆ ಎಷ್ಟು ಸಲ ಕಳಚಿದರೂ ತೆಳುಚಿಪ್ಪಿನ ಅಡಿಯಲ್ಲಿ ಆ ಕೆಂಪು, ಹಸಿರು ಗೆರೆ ಉಳಿದು ಸಿಗಡಿಯ ಮನೆತನ ಹೇಳುತ್ತದೆ.

ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್‌ನ ತಂಡ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಕಣ್ಣು ತೆರೆಸುವಂಥದ್ದು. ಬೆಳವಣಿಗೆಯೊಂದನ್ನೇ ನೋಡಿ ಆರಿಸಿದ ವನ್ನಾಮಿ ಎಂಬ ಜಾತಿಯ ಸಿಗಡಿಗಳ ಸಂತತಿ, ಆರಿಸದವುಗಳ ಸಂತತಿಗಿಂತ ಒಂದೇ ತಲೆಮಾರಿನಲ್ಲಿ ಶೇ 21ರಷ್ಟು ಹೆಚ್ಚು ತೂಗಿತು. ಸಿಗಡಿ ಬೇಗ ಬೆಳೆದರೆ ಹಾರ್ಮೋನ್ ಚುಚ್ಚಿದ್ದಾರೆಂದು ಹಬ್ಬಿಸುವವರು ಇದನ್ನು ಗಮನಿಸಬೇಕು: ಕೊಳದ ಲಕ್ಷಾಂತರ ಸಿಗಡಿಗಳಿಗೆ ಒಂದೊಂದಾಗಿ ಸೂಜಿ ಚುಚ್ಚುವವರು ಯಾರು? ಆರಿಸಿದ ತಂದೆತಾಯಿಗಳೇ ಸಾಕು. ಹಾಗಾದರೆ ಕೊಳದ ದಪ್ಪ ಸಿಗಡಿಗಳನ್ನೇ ತಾಯಿಯಾಗಿಸಿದರಾಯಿತಲ್ಲ ಎನ್ನಬಹುದು. ಆಗದು. ಒಂದು ತಾಯಿ ಒಮ್ಮೆಗೆ ಲಕ್ಷಕ್ಕೂ ಮಿಕ್ಕಿ ಮೊಟ್ಟೆ ಇಡಬಲ್ಲದು. ಹಾಗಾಗಿ ಕೊಳದ ದಪ್ಪ ಸಿಗಡಿಗಳು ಒಡಹುಟ್ಟಿದವೇ ಆಗಿರಬಹುದು, ಒಡಹುಟ್ಟುಗಳ ಕೂಡುವಿಕೆಯಿಂದ ತಳಿ ಸೊರಗುತ್ತದೆ. ಜತೆಗೆ, ಅದೇ ಹವಾಯಿ ಅಧ್ಯಯನದಲ್ಲಿ ಬೆಳವಣಿಗೆಗೂ ಸಿಗಡಿಗಳನ್ನು ಕೊಲ್ಲುವ ಟೌರಾ ವೈರಸ್ ತಡೆದುಕೊಳ್ಳುವ ಶಕ್ತಿಗೂ ವಿಲೋಮ ನಂಟು ಕಂಡಿತು: ಒಂದನ್ನು ಎಳೆದರೆ ಇನ್ನೊಂದು ಜಾರುತ್ತದೆ.

ಇನ್ನೂ ದೊಡ್ಡ ಪ್ರಶ್ನೆ ಹೊಟ್ಟೆಯದು. ದಪ್ಪಗಾದ ಸಿಗಡಿ ಹೆಚ್ಚು ತಿಂದು ದಪ್ಪಗಾಯಿತೋ, ತಿಂದದ್ದನ್ನು ಚೆನ್ನಾಗಿ ಮೈಗೂಡಿಸಿಕೊಂಡಿತೋ? ತಕ್ಕಡಿ ಇದನ್ನು ಹೇಳದು. ಆದರೆ ಸಿಗಡಿ ಕೃಷಿಯಲ್ಲಿ ಅತಿ ದೊಡ್ಡ ಖರ್ಚು ಫೀಡ್‌ನದೇ. ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ಅಮೋನಿಯಾ ಆಗುತ್ತದೆ. ಸಿಗಡಿ ಫೀಡ್‌ನ ಗುಳಿಗೆಯನ್ನು ಕಾಲಲ್ಲಿ ಹಿಡಿದು ಕೆರೆದು ಕೆರೆದು ತಿನ್ನುವಾಗ ಚೂರುಗಳು ನೀರಲ್ಲಿ ಕರಗುವುದರಿಂದ ಒಂದೊಂದರ ಊಟ ಅಳೆಯುವುದು ಕಷ್ಟ, ಖರ್ಚೂ ಹೆಚ್ಚು. ಇಷ್ಟು ಕಷ್ಟದ ಅಳತೆ ಏಕೆಂಬ ಆಕ್ಷೇಪಕ್ಕೆ ಉತ್ತರವಿದೆ: ವನ್ನಾಮಿಯಲ್ಲಿ ಫೀಡ್ ಬಳಸುವ ದಕ್ಷತೆಯೂ ಆನುವಂಶೀಯವೆಂದು ಅಳತೆಗಳು ತೋರಿಸಿವೆ. ಅಂದರೆ ಅದನ್ನೂ ತಲೆಮಾರಿನಿಂದ ತಲೆಮಾರಿಗೆ ಸುಧಾರಿಸಬಹುದು. ಈ ಪಾಠ ನಮಗೂ ಬೇಕು: ಭಾರತ 2009ರಿಂದ ವನ್ನಾಮಿಯ ತಾಯಿ ಸಿಗಡಿಗೆ ಬಹುಮಟ್ಟಿಗೆ ಹೊರದೇಶಗಳನ್ನೇ ನಂಬಿದೆ. ಚೆನ್ನೈನ ಜಲಕೃಷಿ ಸಂಶೋಧನಾ ಸಂಸ್ಥೆ ಸಿಬಾ ನಮ್ಮದೇ ಕಡಲಿನ ಇಂಡಿಕಸ್ ಬಿಳಿ ಸಿಗಡಿಯ ತಳಿ ಸುಧಾರಣೆಗೆ ಕೈಹಾಕಿದೆ. ಆ ಕೆಲಸದಲ್ಲಿ ತೂಕದ ಜತೆಗೆ ಊಟ ಮತ್ತು ಆರೋಗ್ಯದ ಲೆಕ್ಕವೂ ಪ್ರತಿ ತಲೆಮಾರಿನಲ್ಲೂ ದಾಖಲಾಗಲಿ. ದಪ್ಪ ಸಿಗಡಿ ಮಾರುಕಟ್ಟೆಯಲ್ಲಿ ಬೆಲೆ ತರುತ್ತದೆ ನಿಜ, ರೈತನ ಕೈಯಲ್ಲಿ ಲಾಭ ಉಳಿಸುವುದು ಕಡಿಮೆ ತಿಂದು ಬೆಳೆದು, ರೋಗ ಬಂದಾಗಲೂ ಬದುಕುವ ಸಿಗಡಿ.